ಅಣ್ಣ, ಪಾಲಿಶ್ ಹೊಡೀಲಾ? ಬೇಡ ಅನ್ನಿ

ತಿಪ್ಪಸಂದ್ರದ ಕಡೆಯಿಂದ ಬೆಂಗಳೂರಿಗೆ ಕಾರು ಓಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಮಾಗಡಿ ದಾಟಿ ತಾವರೆಕೆರೆ ದಿಕ್ಕಿಗೆ ಹೊರಟರೆ ಸೂರ್ಯ ಎದುರಿಗೇ ಇರುತ್ತಾನೆ. ಸಂಜೆ ಟ್ರಿಪ್ ಮುಗಿಸಿ ಊರ ಕಡೆ ತಿರುಗಿದರೆ ಮತ್ತೆ ಎದುರಿಗೇ. ನಮ್ಮ ಹೋಬಳಿ ಬೆಂಗಳೂರಿಗೆ ಪಡುವಣದಲ್ಲಿದೆ, ದುಡಿಮೆ ಮೂಡಣದಲ್ಲಿದೆ. ಹೋಗುವಾಗಲೂ ಬರುವಾಗಲೂ ಬಿಸಿಲು ಕಣ್ಣಿಗೇ ಬಡಿಯುವುದು ನಮ್ಮ ಪಾಲಿಗೆ ಬಂದ ಲೆಕ್ಕ.

ಇಂಥ ರಸ್ತೆಯಲ್ಲಿ ಓಡುವ ಕಾರುಗಳ ಡ್ಯಾಶ್‌ಬೋರ್ಡನ್ನು ನಾವು ಹೇಗಿಟ್ಟುಕೊಂಡಿದ್ದೇವೆ? ಕನ್ನಡಿ ಹಾಗೆ. ವಾಟರ್ ಸರ್ವಿಸ್‌ಗೆ ಗಾಡಿ ಬಿಟ್ಟರೆ ಕೊನೆಗೆ ಹುಡುಗ ಬಂದು ಕೇಳುವ ಮಾತು ಒಂದೇ: "ಅಣ್ಣ, ಪಾಲಿಶ್ ಹೊಡೀಲಾ?" ನಾವು ಫೋನಿನಿಂದ ತಲೆ ಎತ್ತದೆ "ಹೊಡಿ ಮಗ" ಅನ್ನುತ್ತೇವೆ. ಹಳೇ ನೀರಿನ ಬಾಟಲಿಯಲ್ಲಿ ತುಂಬಿಟ್ಟ ಎಣ್ಣೆಯಂಥದ್ದನ್ನು ಸ್ಪಾಂಜಿಗೆ ಸುರಿದುಕೊಂಡು ಅವನು ಡ್ಯಾಶ್‌ಬೋರ್ಡು, ಡೋರ್ ಪ್ಯಾಡು, ಸ್ಟೇರಿಂಗು, ಕೆಲವೊಮ್ಮೆ ಪೆಡಲನ್ನೂ ಬಿಡದೆ ಬಳಿಯುತ್ತಾನೆ. ಗಾಡಿ ಪಳಪಳ. ನಮಗೂ ಖುಷಿ.

ಈ ಪಳಪಳ ನಮಗೆ ಬೇಡ ಎಂಬುದು ನಮ್ಮ ವಾದ. ಬೇಡ ಅನ್ನುವುದಕ್ಕೆ ದುಡ್ಡಿನ ಕಾರಣವೂ ಇದೆ, ಪ್ಲಾಸ್ಟಿಕ್ಕಿನ ಕಾರಣವೂ ಇದೆ. ಆದರೆ ಮೊದಲ ಕಾರಣ ಕಣ್ಣು.

ಮುಂದಿನ ಗಾಜು ಓರೆಯಾಗಿ ಕೂತಿರುತ್ತದೆ, ಅದರ ಕೆಳಗೇ ಡ್ಯಾಶ್‌ಬೋರ್ಡು ಮಲಗಿರುತ್ತದೆ. ಬಿಸಿಲು ಡ್ಯಾಶ್‌ಬೋರ್ಡಿನ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ ಗಾಜಿನ ಒಳಮೈಗೆ ತಾಗಿ, ಡ್ರೈವರ್ ಕಣ್ಣಿಗೆ ಬರುತ್ತದೆ. ಡ್ಯಾಶ್‌ಬೋರ್ಡು ಮಂಕಾಗಿದ್ದರೆ ಬೆಳಕು ನಾಲ್ಕು ದಿಕ್ಕಿಗೆ ಚದುರಿ ಹೋಗುತ್ತದೆ, ಕಣ್ಣಿಗೆ ಬರುವುದು ಸ್ವಲ್ಪ. ಹೊಳೆಯುತ್ತಿದ್ದರೆ ಗಟ್ಟಿಯಾಗಿ ಒಂದೇ ಕಡೆ ಚಿಮ್ಮುತ್ತದೆ. ಆಗ ಗಾಜಿನ ಮೇಲೆ ಬೆಳ್ಳಗಿನ ಪರದೆ ಎಳೆದಂತೆ ಆಗುತ್ತದೆ. ರಸ್ತೆಯ ಬಿಸಿಲಿನ ಭಾಗ ಹೇಗೋ ಕಾಣುತ್ತದೆ. ಮರದ ನೆರಳಲ್ಲಿ ನಡೆದು ಹೋಗುವ ಮುದುಕಿ, ಹಸು ಹೊಡೆದುಕೊಂಡು ಹೋಗುವ ಹುಡುಗ, ಕಪ್ಪು ಜಾಕೆಟ್ಟಿನ ಬೈಕಿನವನು ಕಾಣುವುದಿಲ್ಲ.

ಕಾರಿನ ಮುಂದಿನ ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜು ಶೇ 50ರಷ್ಟು ಬೆಳಕು ಒಳಗೆ ಬಿಡಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಆದೇಶ ಕೊಟ್ಟಾಗ ನಮ್ಮ ಕಡೆಯೂ ಪೊಲೀಸರು ನಿಲ್ಲಿಸಿ ನಿಲ್ಲಿಸಿ ಕಿತ್ತರು. ಹೊರಗಿನ ಬೆಳಕು ಗಾಜಿನಲ್ಲಿ ಚೆನ್ನಾಗಿ ಬರಲಿ ಎಂದು ಇಷ್ಟೆಲ್ಲ ಕಾನೂನು. ನಾವು ಒಳಗಡೆಯಿಂದ ಪಾಲಿಶ್ ಬಳಿದು ಅದೇ ಗಾಜಿನ ಮೇಲೆ ನಮ್ಮ ಕೈಯಾರೆ ಪರದೆ ಎಳೆದುಕೊಳ್ಳುತ್ತಿದ್ದೇವೆ. ಇದಕ್ಕೆ ಯಾವ ದಂಡವೂ ಇಲ್ಲ.

ಸುದ್ದಿ ಬರೆಯುವ ನಮಗೆ ಅಪಘಾತದ ವರದಿ ಹೊಸದಲ್ಲ. ಠಾಣೆಯಿಂದ ಬರುವ ವಾಕ್ಯ ವರ್ಷಗಳಿಂದ ಒಂದೇ: "ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ." ಮೊದಲು ಐಪಿಸಿ 279 ಇತ್ತು, 2024ರ ಜುಲೈನಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 281ಕ್ಕೆ ಬಂದಿದೆ. ನಾವೂ ಹಾಗೇ ಬರೆದು ಕಳಿಸುತ್ತೇವೆ. ಎದುರುಬಿಸಿಲು ಇತ್ತೇ, ಗಾಜು ಒಳಗಿನಿಂದ ಮಂಜಾಗಿತ್ತೇ, ಡ್ಯಾಶ್‌ಬೋರ್ಡು ಹೊಳೆಯುತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಅಪಘಾತ ಇದರಿಂದ ಆಗುತ್ತವೆ ಎಂದು ಲೆಕ್ಕ ಕೊಡಲು ನಾವು ಹೊರಟಿಲ್ಲ. ಸಂಜೆ ಐದೂವರೆಗೆ ಮಾಗಡಿ ರಸ್ತೆಯಲ್ಲಿ ಪಡುವಣಕ್ಕೆ ಮುಖ ಮಾಡಿ ಗಾಡಿ ಓಡಿಸಿದವರಿಗೆ ಲೆಕ್ಕ ಬೇಕಾಗಿಲ್ಲ.

ಕಾರು ಮಾಡಿದವರು ಏನು ಹೇಳುತ್ತಾರೆ? ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯ ಬಿಡದಿಯಲ್ಲೇ 1999ರ ಕೊನೆಯಿಂದ ಟೊಯೋಟಾ ಕಾರ್ಖಾನೆ ಓಡುತ್ತಿದೆ. (ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಇನ್ನೂ ರಾಮನಗರವೇ.) ಕ್ವಾಲಿಸ್, ಇನ್ನೋವಾ, ಟ್ಯಾಕ್ಸಿಯವರ ಇಟಿಯೋಸ್ ಎಲ್ಲ ಅಲ್ಲಿಂದ ಬಂದವು. ಟೊಯೋಟಾ ಕಾರಿನ ಜತೆ ಕೊಡುವ ಮಾಲೀಕರ ಪುಸ್ತಕದಲ್ಲಿ, ಒಳಗಡೆ ಸ್ವಚ್ಛ ಮಾಡುವ ಭಾಗದಲ್ಲಿ, ಎಚ್ಚರಿಕೆ ಎಂದು ಗುರುತು ಹಾಕಿ ಬರೆದಿರುತ್ತಾರೆ: ಡ್ಯಾಶ್‌ಬೋರ್ಡಿಗೆ ಪಾಲಿಶ್ ವ್ಯಾಕ್ಸ್ ಆಗಲಿ ಪಾಲಿಶ್ ಕ್ಲೀನರ್ ಆಗಲಿ ಹಾಕಬೇಡಿ, ಅದು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಡ್ರೈವರಿಗೆ ಕಾಣದೆ, ಸಾವು ಅಥವಾ ದೊಡ್ಡ ಗಾಯ ಆಗುವ ಅಪಘಾತಕ್ಕೆ ಕಾರಣ ಆಗಬಹುದು. ಪೆಟ್ರೋಲ್, ಬೆಂಜೀನ್‌ನಂಥದ್ದನ್ನೂ ಹಚ್ಚಬೇಡಿ ಎನ್ನುತ್ತದೆ ಅದೇ ಪುಸ್ತಕ. ಆ ಪುಸ್ತಕ ಗ್ಲೌವ್ ಬಾಕ್ಸಿನಲ್ಲಿ ಆರ್‌ಸಿ, ಇನ್ಶೂರೆನ್ಸ್ ಪೇಪರಿನ ಅಡಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಪುಸ್ತಕವೇ ಇರುವುದಿಲ್ಲ.

ಇಲ್ಲಿ ಒಬ್ಬರಾದರೂ ಕೇಳುತ್ತಾರೆ: ಪಾಲಿಶ್ ಹಾಕದಿದ್ದರೆ ಬಿಸಿಲಿಗೆ ಡ್ಯಾಶ್‌ಬೋರ್ಡು ಬಿರುಕು ಬಿಡುವುದಿಲ್ಲವೇ? ಎಣ್ಣೆ ಕುಡಿಸಬೇಕಲ್ಲವೇ?

ಎಣ್ಣೆ ಕುಡಿಯಲು ಅದು ಎತ್ತಿನ ಗಾಡಿಯ ಕೀಲಲ್ಲ, ಚರ್ಮದ ಚಪ್ಪಲಿಯೂ ಅಲ್ಲ. ಇವತ್ತಿನ ಸಣ್ಣ ಕಾರುಗಳ ಗಟ್ಟಿ ಡ್ಯಾಶ್‌ಬೋರ್ಡು ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಸುಮಾರಾಗಿ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯ ಜಾತಿ. ಅದರೊಳಗೆ ಒಣಗಿ ಹೋಗುವ ಎಣ್ಣೆ ಇಲ್ಲ, ಹೊರಗಿನಿಂದ ಹಚ್ಚಿದ ಎಣ್ಣೆಯಿಂದ ಅದರ ಆಯಸ್ಸು ಹೆಚ್ಚುವುದಿಲ್ಲ. ಎಣ್ಣೆ ಮೇಲೇ ಕೂರುತ್ತದೆ. ಕೂತು ಧೂಳು ಹಿಡಿಯುತ್ತದೆ.

ರೆಕ್ಸಿನ್ ವಿಷಯ ಬೇರೆ. ಸೀಟ್ ಕವರು, ಕೆಲವು ಕಾರುಗಳ ಮೆತ್ತನೆಯ ಡ್ಯಾಶ್‌ಬೋರ್ಡು, ಡೋರಿನ ಮೆತ್ತೆ ಪಿವಿಸಿಯವು. ಪಿವಿಸಿ ಹುಟ್ಟಿನಿಂದ ಗಟ್ಟಿ. ಮೆತ್ತಗಾಗಲಿ ಎಂದು ಕಾರ್ಖಾನೆಯಲ್ಲೇ ಅದಕ್ಕೆ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಕಾರು ವರ್ಷಗಟ್ಟಲೆ ಬಿಸಿಲಲ್ಲಿ ಬೆಂದರೆ ಅದು ನಿಧಾನಕ್ಕೆ ಆವಿಯಾಗಿ ಹೊರಬರುತ್ತದೆ. ಬಹಳ ದಿನ ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಒಳಗೆ ಜಿಡ್ಡಿನ ಮಂಜು ಕಟ್ಟಿರುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಎಣ್ಣೆಯಂಶ ಹೋದ ರೆಕ್ಸಿನ್ ಗಟ್ಟಿಯಾಗಿ ಸೀಳುತ್ತದೆ. ಮೇಲಿಂದ ತೆಂಗಿನೆಣ್ಣೆ ಹಚ್ಚಿದರೆ ಆ ಜಾಗ ತುಂಬುವುದಿಲ್ಲ. ನಾಲ್ಕು ದಿನ ಹೊಳೆದು ಆಮೇಲೆ ಕಮಟು ವಾಸನೆ ಬರುತ್ತದೆ.

ಪ್ಲಾಸ್ಟಿಕ್ಕನ್ನು ಹಾಳುಮಾಡುವ ಕಳ್ಳರು ಎರಡು: ಬಿಸಿಲಿನ ನೇರಳಾತೀತ ಕಿರಣ ಮತ್ತು ಶಾಖ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಆ ಕಿರಣವನ್ನು ಬಹುಪಾಲು ಅದೇ ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರ, ಅಲ್ಲಿಂದ ಸಾಕಷ್ಟು ಒಳಗೆ ನುಗ್ಗುತ್ತದೆ. ಶಾಖದ ಬಗ್ಗೆ ಅಮೆರಿಕದ ಅರಿಝೋನಾದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 38 ಡಿಗ್ರಿ ದಾಟಿದ ದಿನಗಳಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಒಂದು ಗಂಟೆಯಲ್ಲಿ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅದೇ ನೆರಳಲ್ಲಿ ನಿಲ್ಲಿಸಿದ ಕಾರಿನಲ್ಲಿ 48. ನಮ್ಮಲ್ಲಿ ಅಷ್ಟು ಸೆಕೆ ಇಲ್ಲ, ನಿಜ. ಆದರೆ ನೆರಳಿಗೂ ಬಿಸಿಲಿಗೂ ಇರುವ ಆ ಇಪ್ಪತ್ತೊಂದು ಡಿಗ್ರಿ ನೋಡಿ. ಯಾವ ಡಬ್ಬದ ಪಾಲಿಶ್ಶೂ ಅಷ್ಟು ಶಾಖ ಇಳಿಸುವುದಿಲ್ಲ. ಒಂದು ಹೊಂಗೆ ಮರ ಇಳಿಸುತ್ತದೆ, ಪುಕ್ಕಟೆ.

ಮರ ಇಲ್ಲದ ಕಡೆ ಹಳೇ ಪಂಚೆ ಸಾಕು. ಗಾಡಿ ನಿಲ್ಲಿಸಿದ ಮೇಲೆ ಡ್ಯಾಶ್‌ಬೋರ್ಡಿನ ಉದ್ದಕ್ಕೂ ಹಾಸಿ. ಗಾಜಿಗೆ ಒಳಗಿನಿಂದ ಒತ್ತಿ ನಿಲ್ಲಿಸುವ ಬೆಳ್ಳಿ ಬಣ್ಣದ ಮಡಚುವ ಪರದೆ ಇದ್ದರೆ ಇನ್ನೂ ಒಳ್ಳೆಯದು, ಅದು ಬಿಸಿಲನ್ನು ಗಾಜಿನಲ್ಲೇ ತಿರುಗಿಸಿ ಕಳಿಸುತ್ತದೆ. ಹೊರಡುವಾಗ ಮಾತ್ರ ತೆಗೆದು ಹಿಂದಕ್ಕೆ ಎಸೆಯಲೇಬೇಕು. ಬಿಳಿ ಬಟ್ಟೆ ಗಾಜಿನಲ್ಲಿ ಪಾಲಿಶ್ಶಿಗಿಂತ ಜೋರಾಗಿ ಹೊಳೆಯುತ್ತದೆ.

ಇಷ್ಟಾದ ಮೇಲೂ ಏನಾದರೂ ಹಚ್ಚಲೇಬೇಕು ಅನ್ನುವವರು ಇರುತ್ತಾರೆ. ಹಳದಿ ಬೋರ್ಡಿನವರಿಗೆ ಗಾಡಿ ಚೆನ್ನಾಗಿ ಕಾಣಬೇಕು, ಪ್ಯಾಸೆಂಜರ್ ಸ್ಟಾರ್ ಕೊಡಬೇಕು. ಅದನ್ನು ನಾವು ಹಗುರವಾಗಿ ನೋಡುವುದಿಲ್ಲ, ಆ ಸ್ಟಾರಿನ ಮೇಲೆ ಕಂತು ನಿಂತಿದೆ. ಹಾಗಾಗಿ ಅಂಗಡಿಯಲ್ಲಿ ಆರಿಸುವುದು ಹೇಗೆ ಎಂದು ಹೇಳುತ್ತೇವೆ.

ಮಾರುಕಟ್ಟೆಯಲ್ಲಿ ಇರುವುದು ಮುಖ್ಯವಾಗಿ ಎರಡು ಜಾತಿ. ಒಂದು, ಸೀಮೆಎಣ್ಣೆಯ ನೆಂಟನಂಥ ದ್ರಾವಕದಲ್ಲಿ ಸಿಲಿಕೋನ್ ಎಣ್ಣೆ ಕರಗಿಸಿದ್ದು. ಇದು ಜಿಡ್ಡು, ಕಟು ವಾಸನೆ, ಜೋರು ಹೊಳಪು. ಇನ್ನೊಂದು, ನೀರಿನಲ್ಲಿ ಬೆರೆಸಿದ್ದು, ಮಜ್ಜಿಗೆಯ ಹಾಗೆ ಬೆಳ್ಳಗೆ ಇರುವುದೇ ಹೆಚ್ಚು. ಸಿಲಿಕೋನ್ ಎಂದ ತಕ್ಷಣ ವಿಷ ಎಂದು ಹೆದರಬೇಕಾಗಿಲ್ಲ. ಅದು ಪ್ಲಾಸ್ಟಿಕ್ಕಿನ ತಂಟೆಗೆ ಹೋಗದ ಸಾಧು ಪದಾರ್ಥ. ಕಿರಿಕಿರಿ ಮಾಡುವುದು ಅದನ್ನು ಹೊತ್ತು ತರುವ ದ್ರಾವಕ. ಕೆಲವು ಪ್ಲಾಸ್ಟಿಕ್, ಅಂಟು, ಬಣ್ಣಗಳನ್ನು ಅದು ಮೆತ್ತಗೆ ಮಾಡಿ ಹಾಳುಗೆಡವುತ್ತದೆ. ಹಾಂ, ಸಿಲಿಕೋನಿನ ಮೇಲೆ ಪೇಂಟ್ ಕೂರುವುದಿಲ್ಲ, ಗುಳಿ ಗುಳಿ ಏಳುತ್ತದೆ. ಪೇಂಟ್ ಶಾಪಿನವರನ್ನು ಕೇಳಿ, ಪಾಲಿಶ್ ಎಂದರೆ ಯಾಕೆ ಉರಿದು ಬೀಳುತ್ತಾರೆ ಎಂದು ಗೊತ್ತಾಗುತ್ತದೆ.

ಯಾವ ಜಾತಿ ಎಂದು ಗೊತ್ತುಮಾಡಲು ಲ್ಯಾಬ್ ಬೇಡ. ಲೋಟದಲ್ಲಿ ನೀರು ತೆಗೆದುಕೊಂಡು ನಾಲ್ಕು ಹನಿ ಬಿಡಿ. ಹಾಲು ಬಿದ್ದ ಹಾಗೆ ಹರಡಿ ಬೆರೆತರೆ ನೀರಿನದು. ಎಣ್ಣೆಯ ಕಣ್ಣಾಗಿ ಮೇಲೆ ತೇಲಿದರೆ ದ್ರಾವಕದ್ದು, ಅದನ್ನು ಕಾರಿನೊಳಗೆ ಬಿಡಬೇಡಿ. ಡಬ್ಬದ ಮೇಲೆ ಹುಡುಕಬೇಕಾದ ಮಾತು ಮೂರು: ವಾಟರ್ ಬೇಸ್ಡ್, ಮ್ಯಾಟ್ ಅಥವಾ ನ್ಯಾಚುರಲ್ ಫಿನಿಶ್, ಯುವಿ ಪ್ರೊಟೆಕ್ಷನ್. ಹೈ ಗ್ಲಾಸ್, ವೆಟ್ ಲುಕ್ ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ಅದು ಟೈರಿಗೆ ಬೇಕಾದರೆ ಇರಲಿ, ಟೈರ್ ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಯುವಿ ಅಂಶ ಬಿಸಿಲಿನ ಕಿರಣವನ್ನು ತಾನು ತಿಂದು ತಾನೇ ಸವೆಯುವಂಥದ್ದು. ಒಮ್ಮೆ ಹಚ್ಚಿದರೆ ವರ್ಷಗಟ್ಟಲೆ ಇರುತ್ತದೆ ಎಂದು ಹೇಳುವ ಅಂಗಡಿಯವರ ಮಾತು ನಂಬಬೇಡಿ.

ಬ್ರ್ಯಾಂಡ್ ಹೇಳಿ ಎಂದು ವಾಟ್ಸಾಪಿನಲ್ಲಿ ಕೇಳುತ್ತೀರಿ, ಗೊತ್ತು. 303 ಎಂಬ ವಿದೇಶಿ ಡಬ್ಬ ನೀರಿನದು, ಹೊಳಪಿಲ್ಲದ್ದು. ಆದರೆ ಈ ಗುಣ ಇರುವ ಕಡಿಮೆ ಬೆಲೆಯದೂ ಸಿಗುತ್ತದೆ, ಹೆಸರಿಗೆ ದುಡ್ಡು ಕೊಡಬೇಕಾಗಿಲ್ಲ.

ಈಗ ಆ ನೀರಿನ ಬಾಟಲಿಯ ವಿಷಯಕ್ಕೆ ಬರೋಣ. ಪ್ಯಾಕ್ ಮಾಡಿದ ಯಾವುದೇ ಸರಕಿನ ಮೇಲೆ ತಯಾರಕರ ಹೆಸರು ವಿಳಾಸ, ಸರಕಿನ ಹೆಸರು, ಪ್ರಮಾಣ, ತಿಂಗಳು ವರ್ಷ, ಎಂಆರ್‌ಪಿ, ದೂರು ಕೊಡಲು ಸಂಪರ್ಕ ಇರಬೇಕು ಎಂದು 2011ರ ಪ್ಯಾಕೇಜ್ ಸರಕುಗಳ ನಿಯಮ ಹೇಳುತ್ತದೆ. ಬಿಡಿಯಾಗಿ ತುಂಬಿಟ್ಟುಕೊಂಡ ಪಾಲಿಶ್ಶಿಗೆ ಇದ್ಯಾವುದೂ ಇಲ್ಲ. ಅದರಲ್ಲಿ ಏನಿದೆ ಎಂದು ಹಚ್ಚುವ ಹುಡುಗನಿಗೂ ಗೊತ್ತಿಲ್ಲ, ಅವನ ಅಂಗೈ ದಿನವಿಡೀ ಅದರಲ್ಲೇ ನೆನೆದಿರುತ್ತದೆ. ಗ್ಲೌಸ್ ಹಾಕಿಕೊಂಡ ಹುಡುಗನನ್ನು ಎಲ್ಲಾದರೂ ನೋಡಿದ್ದೀರಾ?

ಡಬ್ಬದ ಮೇಲೆ ಬರೆದಿದ್ದರೂ ನಮ್ಮವರಿಗೆ ಎಷ್ಟು ಉಪಯೋಗ ಎಂಬುದು ಇನ್ನೊಂದು ಸಿಟ್ಟು. ಅದೇ ನಿಯಮದ ಪ್ರಕಾರ ವಿವರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಕಂಪನಿಗೆ ಇಷ್ಟ ಇದ್ದರೆ ಹಾಕಬಹುದು, ಹಾಕಲೇಬೇಕೆಂದಿಲ್ಲ. ಕೂಡೂರಿನಲ್ಲೋ ಸೋಲೂರಿನಲ್ಲೋ ಡಬ್ಬ ಕೊಳ್ಳುವ, ಕನ್ನಡ ಮಾತ್ರ ಓದಬಲ್ಲ ಡ್ರೈವರಿಗೆ "ಸ್ಟೇರಿಂಗ್, ಪೆಡಲ್ ಮೇಲೆ ಹಾಕಬೇಡಿ" ಎಂಬ ಎಚ್ಚರಿಕೆಯೂ ಇಂಗ್ಲಿಷಿನಲ್ಲೇ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಮಾರುವಾಗ ಕನ್ನಡದಲ್ಲಿ ಜಾಹೀರಾತು ಕೊಡಲು ಬರುತ್ತದೆ, ಎಚ್ಚರಿಕೆ ಬರೆಯಲು ಬರುವುದಿಲ್ಲ. ಎಂಆರ್‌ಪಿ ಇಲ್ಲದ ಡಬ್ಬ ಕೊಟ್ಟರೆ, ಮೋಸ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಹಚ್ಚುವ ಕ್ರಮದಲ್ಲೂ ಎರಡು ಮಾತು. ಮೊದಲು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಹತ್ತರಲ್ಲಿ ಎಂಟು ಸಲ ಅಷ್ಟೇ ಸಾಕಾಗುತ್ತದೆ. ಹಳೇ ಜಿಡ್ಡು ಇದ್ದರೆ ನೀರಿಗೆ ಎರಡು ಹನಿ ಶಾಂಪೂ. ಪ್ರೊಟೆಕ್ಟಂಟನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ, ಡ್ಯಾಶ್‌ಬೋರ್ಡಿಗೆ ನೇರವಾಗಿ ಚಿಮುಕಿಸಬೇಡಿ, ಸ್ವಿಚ್ಚು, ಏಸಿ ಕಿಂಡಿಗಳೊಳಗೆ ಇಳಿಯುತ್ತದೆ. ಕಾರು ತಣ್ಣಗೆ ನೆರಳಲ್ಲಿರಲಿ. ಐದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಬೆರಳಿಟ್ಟರೆ ಜಾರಬಾರದು. ಸ್ಟೇರಿಂಗ್, ಗೇರ್ ನಾಬ್, ಪೆಡಲ್, ಸೀಟ್ ಬೆಲ್ಟು, ಮೀಟರಿನ ಮುಂದಿನ ಗಾಜಿನಂಥ ಪ್ಲಾಸ್ಟಿಕ್ಕು: ಇವಕ್ಕೆ ಏನೂ ಬೇಡ, ಒದ್ದೆ ಬಟ್ಟೆ ಮಾತ್ರ.

ಚನ್ನಪಟ್ಟಣದ ಬೊಂಬೆ ಮಾಡುವವರ ಕೆಲಸ ನೋಡಿದರೆ ಹೊಳಪಿನ ವ್ಯತ್ಯಾಸ ತಿಳಿಯುತ್ತದೆ. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜುವ ಶಾಖಕ್ಕೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಆರಿದ ಮೇಲೆ ಅದು ಗಟ್ಟಿ, ಒಣ, ಮಗು ಬಾಯಿಗಿಟ್ಟರೂ ಅಂಟುವುದಿಲ್ಲ. ನಮ್ಮ ಡ್ಯಾಶ್‌ಬೋರ್ಡಿನ ಪಾಲಿಶ್ ಎಂದೂ ಆರುವುದಿಲ್ಲ. ರಾಗಿ ಒಕ್ಕಣೆಯ ಕಾಲದಲ್ಲಿ ರಸ್ತೆಗೆ ಹಾಸಿದ ತೆನೆಯ ಮೇಲೆ ಗಾಡಿ ಹಾಯಿಸಿಕೊಂಡು ಬನ್ನಿ (ರಸ್ತೆ ಕಣ ಮಾಡುವುದು ತಪ್ಪು, ಅದು ಬೇರೆ ಜಗಳ), ಹೊಟ್ಟಿನ ಧೂಳು ಅಷ್ಟೂ ಆ ಜಿಡ್ಡಿಗೆ ಅಂಟಿ ಮರುದಿನಕ್ಕೆ ಮಣ್ಣಿನ ಲೇಪ ಆಗಿರುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೆ ಈ ಹೊಳಪಿನಿಂದ ಇನ್ನೂ ದೊಡ್ಡ ಏಟು ಬೀಳಬಹುದು. ಜಮೀನಿನ ಮೇಲೆ ಸಾಲ ಮಾಡಿ, ಚಿನ್ನ ಇಟ್ಟು ಮೊದಲ ಗಾಡಿ ತೆಗೆಯುವ ಹುಡುಗರು ನಮ್ಮ ಕಡೆ ಕಡಿಮೆ ಇಲ್ಲ. ಬಾಗಿಲು ತೆಗೆದ ಕೂಡಲೇ ಒಳಗೆಲ್ಲ ಲಕಲಕ, ಮಲ್ಲಿಗೆಯ ವಾಸನೆ. ಅಲ್ಲೇ ಮನಸ್ಸು ಸೋಲುತ್ತದೆ. ಬಿಳಿ ಕರ್ಚೀಫು ಒದ್ದೆ ಮಾಡಿಕೊಂಡು ಡ್ಯಾಶ್‌ಬೋರ್ಡು ಜೋರಾಗಿ ಒರೆಸಿ. ಹೊಳಪು ಕರ್ಚೀಫಿಗೆ ಬಂದರೆ ಕೆಳಗಿನ ಬಿರುಕು, ಬೆಳ್ಳಗಾದ ಪ್ಲಾಸ್ಟಿಕ್ಕು ಕಾಣುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ನೆಲದ ಮ್ಯಾಟ್ ಎತ್ತಿ ಮೂಸಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಮುಳುಗಿದ ಕಾರಿಗೂ ಪಾಲಿಶ್ ಚೆನ್ನಾಗಿಯೇ ಹಿಡಿಯುತ್ತದೆ. ಬೆಲ್ಟಿನ ಬುಡದ ಕೆಸರು ಮಾತ್ರ ಸುಳ್ಳು ಹೇಳುವುದಿಲ್ಲ.

ಇನ್ನು ಆಯುಧಪೂಜೆ. ಅದರ ಬಗ್ಗೆ ಬರೆಯದಿದ್ದರೆ ಈ ಲೇಖನ ಅರ್ಧ. ವರ್ಷಕ್ಕೊಮ್ಮೆ ಗಾಡಿ ನಿಜವಾಗಿ ತೊಳೆಯುವುದು ಅವತ್ತೇ, ಪಾಲಿಶ್ ಖರ್ಚಾಗುವುದೂ ಅವತ್ತೇ. ಪೂಜೆ ಬೇಡ ಎಂದು ನಾವು ಹೇಳುವುದಿಲ್ಲ, ನಮ್ಮ ಗಾಡಿಗೂ ಬಾಳೆಕಂದು ಕಟ್ಟುತ್ತೇವೆ. ಅರಿಶಿನ ಕುಂಕುಮವನ್ನು ಜಿಡ್ಡು ಡ್ಯಾಶ್‌ಬೋರ್ಡಿಗೆ ಹಚ್ಚಿದರೆ ಬಣ್ಣ ಎಣ್ಣೆಯಲ್ಲಿ ಕರಗಿ ಹರಡುತ್ತದೆ, ರೆಕ್ಸಿನ್‌ಗೆ ಹಿಡಿದರೆ ಹೋಗುವುದು ಕಷ್ಟ. ಬಾನೆಟ್ಟಿಗೆ ಹಚ್ಚಿ, ಒಳಗೆ ಸ್ಟೇರಿಂಗಿಗೆ ಒಂದು ಹೂ ಸಾಕು. ಬಿದ್ದ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡಿ, ಮೊದಲು ಮೆತ್ತನೆ ಬ್ರಷ್ಷಿನಲ್ಲಿ ಉದುರಿಸಿ.

ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುವ ದೇವರ ಜಾಗವನ್ನೂ ಒಮ್ಮೆ ನೋಡಿಕೊಳ್ಳಿ. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಡ್ರೈವರ್ ಕಡೆ, 2021ರ ಕೊನೆಯ ಹೊತ್ತಿಗೆ ಪಕ್ಕದ ಸೀಟಿನ ಕಡೆಯೂ ಏರ್‌ಬ್ಯಾಗ್ ಕಡ್ಡಾಯ ಆಗಿದೆ. ಪಕ್ಕದ ಸೀಟಿನದು ಡ್ಯಾಶ್‌ಬೋರ್ಡಿನ ಒಳಗೇ ಮಡಚಿ ಕೂತಿರುತ್ತದೆ. ಗುದ್ದಿದಾಗ ಅದು ಮುಚ್ಚಳ ಒಡೆದುಕೊಂಡು ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಮೇಲೆ ಕಲ್ಲಿನ ಗಣಪ ಇದ್ದರೆ ಅವನು ಹೋಗಿ ತಾಗುವುದು ಪಕ್ಕದಲ್ಲಿ ಕೂತವರ ಮುಖಕ್ಕೆ, ಮಗು ತೊಡೆಯ ಮೇಲಿದ್ದರೆ ಮಗುವಿಗೆ. ಎಸ್‌ಆರ್‌ಎಸ್ ಏರ್‌ಬ್ಯಾಗ್ ಎಂದು ಇಂಗ್ಲಿಷಿನಲ್ಲಿ ಬರೆದಿರುವ ಜಾಗ ಬಿಟ್ಟು, ನಡುವೆ, ಹಗುರವಾದ ಸಣ್ಣ ಮೂರ್ತಿ ಇಡಿ. ಪಾಲಿಶ್ ಹೊಡೆದ ಡ್ಯಾಶ್‌ಬೋರ್ಡಿಗೆ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ, ಎರಡು ದಿನಕ್ಕೆ ಕಳಚಿ ಪೆಡಲಿನ ಹತ್ತಿರ ಉರುಳುತ್ತದೆ. ಬ್ರೇಕ್ ಪೆಡಲಿನ ಅಡಿಗೆ ಏನು ಉರುಳಿದರೂ ಅಪಾಯವೇ.

ಈಗಾಗಲೇ ಪಾಲಿಶ್ ಬಳಿದ ಗಾಡಿ ಮನೆ ಮುಂದೆ ನಿಂತಿದ್ದರೆ ಭಾನುವಾರದ ಅರ್ಧ ಗಂಟೆ ಸಾಕು. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ, ಹಳೇ ಬನೀನು. ಹಿಂಡಿದ ಬನೀನಿನಲ್ಲಿ ಒರೆಸಿ, ಶುದ್ಧ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಎರಡು ಮೂರು ಸುತ್ತು ಬೇಕಾಗಬಹುದು. ಆಮೇಲೆ ಮುಂದಿನ ಗಾಜಿನ ಒಳಮೈ. ಅದನ್ನು ಬಹಳ ಜನ ಒರೆಸುವುದೇ ಇಲ್ಲ, ಹೊರಗಡೆ ವೈಪರ್ ಇದೆಯಲ್ಲ ಎಂದು ಬಿಡುತ್ತಾರೆ. ಬೆರಳಿನಲ್ಲಿ ಗೀಚಿ ನೋಡಿ, ಜಿಡ್ಡು ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ದಿನಪತ್ರಿಕೆಯಲ್ಲಿ ತಿಕ್ಕಿ. ನಾವು ಬರೆದ ಸುದ್ದಿ ಇರುವ ಪುಟವಾದರೂ ನಮಗೆ ಬೇಜಾರಿಲ್ಲ.